ತಪ್ಪು ಇದ್ದದ್ದು ಉಬ್ಬದ ಕರುಳಿನಲ್ಲಿ!

ದಶಕಗಟ್ಟಲೆ ಕಾಲ, ಜಗತ್ತಿನ ಹೆಸರಾಂತ ಸರ್ಜನ್‌ಗಳು ಕೂಸಿನ ಹೊಟ್ಟೆ ತೆರೆದು, ರೋಗ ಇದ್ದ ಕರುಳನ್ನು ಒಳಗೇ ಬಿಟ್ಟು, ರೋಗ ಇಲ್ಲದ ಕರುಳನ್ನು ಕತ್ತರಿಸಿ ತೆಗೆಯುತ್ತಿದ್ದರು! ಅವರು ದಡ್ಡರಲ್ಲ, ಅವಸರದವರೂ ಅಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದ್ದರು, ಅಷ್ಟೆ. ಹೊಟ್ಟೆ ತೆರೆದರೆ ಕಾಣುವುದೇನು? ಮೇಲ್ಗಡೆ ಊದಿ, ಬಿಗಿದು, ಹೊಟ್ಟೆಯೆಲ್ಲ ತಾನೇ ತುಂಬಿಕೊಂಡ ದೊಡ್ಡ ಕರುಳು. ಅದರ ಕೆಳಗೆ ಸಣ್ಣಗೆ, ಅಚ್ಚುಕಟ್ಟಾಗಿ, ತನಗೇನೂ ಆಗಿಲ್ಲವೆಂಬಂತೆ ಕೂತ ಕೊನೆಯ ತುಂಡು. ಕೆಟ್ಟದ್ದು ಯಾವುದು ಎಂದು ಯಾರನ್ನು ಕೇಳಿದರೂ ಊದಿದ್ದರ ಕಡೆಗೇ ಬೆರಳು ಹೋಗುತ್ತದೆ. ಆದರೆ ಕೆಟ್ಟದ್ದು ಆ ಸಣ್ಣ ತುಂಡು! ಊದಿದ್ದು ಪಾಪ, ಮುಚ್ಚಿದ ಬಾಗಿಲಿನ ಮುಂದೆ ದುಡಿದು ದುಡಿದು ಸೋತಿದ್ದ ಒಳ್ಳೆಯ ಕರುಳು.

ಇದು ಗೊತ್ತಾದಾಗಿನಿಂದ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆಯ ಗೇಟಿನ ಮುಂದೆ ಹಾಯುವಾಗೆಲ್ಲ ನನ್ನ ಕಣ್ಣು ಕೂಸು ಎತ್ತಿಕೊಂಡವರ ಮೇಲೆಯೇ ನಿಲ್ಲುತ್ತದೆ. ಹಾವೇರಿಯಿಂದ, ಗದಗಿನಿಂದ, ಕೊಪ್ಪಳದಿಂದ, ಯಲ್ಲಾಪುರದ ಕಾಡಿನಂಚಿನಿಂದ ಬಂದವರು. ಹುಟ್ಟಿ ಎರಡು ದಿನವಾದರೂ ಹೇಲು ಹೋಗಿಲ್ಲ, ಹೊಟ್ಟೆ ಉಬ್ಬಿದೆ, ಕಕ್ಕಿದ್ದು ಹಸಿರಾಗಿದೆ. ಆ ತಾಯಂದಿರು ದಾಟುವ ಬಾಗಿಲಿನ ಆಚೆ ಎಷ್ಟು ಶತಮಾನಗಳ ಹುಡುಕಾಟ ಕಾದು ನಿಂತಿದೆ ಎಂಬುದನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ.

ಕಥೆಯನ್ನು ಡೆನ್ಮಾರ್ಕಿನಿಂದಲೇ ಹೇಳಬೇಕು. ಕೋಪನ್‌ಹೇಗನ್ನಿನ ಮಕ್ಕಳ ಡಾಕ್ಟರು ಹರಾಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಎರಡು ಕೂಸುಗಳ ವಿವರ ಓದಿದರು. ಹುಟ್ಟಿದಾಗಿನಿಂದ ಮಲಬದ್ಧತೆ, ವರ್ಷ ತುಂಬುವ ಮೊದಲೇ ಸಾವು, ಸತ್ತ ಮೇಲೆ ನೋಡಿದರೆ ದೈತ್ಯಾಕಾರದ ದೊಡ್ಡ ಕರುಳು. ಸುಮಾರು 5000 ಹೆರಿಗೆಗೆ ಒಂದು ಕೂಸನ್ನು ಹಿಡಿಯುವ ಆ ಕಾಯಿಲೆಗೆ ಅವರದೇ ಹೆಸರು ನಿಂತಿತು. ಆದರೆ ಅವರೂ ಅವರ ನಂತರದವರೂ ನೋಡಿದ್ದು ಆ ಊತವನ್ನೇ. 1920ರಲ್ಲಿ ಇಟಲಿಯ ಡಲ್ಲಾ ವಾಲ್ಲೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಇಂಥ ಇಬ್ಬರು ಒಡಹುಟ್ಟಿದವರ ಕರುಳಿನ ಕೆಳತುದಿಯಲ್ಲಿ ನರಕೋಶಗಳೇ ಇಲ್ಲವಲ್ಲ ಎಂದು ಬರೆದರು. ಯಾರೂ ಕಿವಿಗೊಡಲಿಲ್ಲ! ಉತ್ತರ ಅಚ್ಚಾಗಿ ಕಪಾಟಿನಲ್ಲಿ ಕೂತಿತ್ತು, ಇತ್ತ ಮಕ್ಕಳು ಸಾಯುತ್ತಲೇ ಇದ್ದರು. ಈ ಇಡೀ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ವರ್ಷಗಳು ಇವೇ.

ಆಮೇಲೆ ಬಂದರು ಆರ್ವರ್ ಸ್ವೆನ್ಸನ್. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸರ್ಜನ್ ಆದವರು. 1940ರ ದಶಕ. ಹೊಟ್ಟೆ ಉಬ್ಬಿದ ಮಕ್ಕಳಿಗೆ ಅಲ್ಲಿ ಕೊಲೊಸ್ಟಮಿ ಮಾಡುತ್ತಿದ್ದರು, ಅಂದರೆ ದೊಡ್ಡ ಕರುಳನ್ನು ಹೊಟ್ಟೆಯ ಚರ್ಮಕ್ಕೆ ತಂದು ಅಲ್ಲಿಂದಲೇ ಮಲ ಹೋಗುವಂತೆ ದಾರಿ ಮಾಡುವುದು. ಮಾಡಿದ ಕೂಡಲೇ ಮಕ್ಕಳು ಚಿಗುರಿಕೊಳ್ಳುತ್ತಿದ್ದರು! ಊಟ ಮಾಡುತ್ತಿದ್ದರು, ತೂಕ ಏರುತ್ತಿತ್ತು, ಊತ ಇಳಿಯುತ್ತಿತ್ತು. ಇನ್ನೇನು ಗುಣವಾಯಿತು ಎಂದು ಆ ದಾರಿ ಮುಚ್ಚಿ ಕರುಳನ್ನು ಮೊದಲಿನಂತೆ ಜೋಡಿಸಿದರೆ ಮತ್ತೆ ಅದೇ ಊತ, ಅದೇ ಕಟ್ಟು. ಎಲ್ಲರೂ ಇದನ್ನು ನೋಡಿದ್ದರು. ಸ್ವೆನ್ಸನ್ ಮಾತ್ರ ಅಲ್ಲಿ ನಿಂತು ಯೋಚಿಸಿದರು. ಮೇಲಿನ ಕರುಳು ಕೆಟ್ಟಿದ್ದರೆ ಅದು ಹೊಟ್ಟೆಯ ದಾರಿಯಲ್ಲಿ ಅಷ್ಟು ಚೆನ್ನಾಗಿ ಹೇಗೆ ಕೆಲಸ ಮಾಡಿತು? ಕರುಳಿನೊಳಗೆ ಪುಟ್ಟ ಬಲೂನುಗಳನ್ನು ಇಟ್ಟು ಅದರ ಅಲೆಗಳನ್ನು ಅಳೆದರು. ಅಲೆ ಮೇಲಿಂದ ಇಳಿದು ಬರುತ್ತದೆ, ಬರುತ್ತದೆ, ಆ ಸಣ್ಣ ತುಂಡಿನ ಹೊಸ್ತಿಲಿಗೆ ಬಂದು ಸತ್ತುಹೋಗುತ್ತದೆ! ರೋಗ ಸಿಕ್ಕೇಬಿಟ್ಟಿತು. ಸಣ್ಣ ತುಂಡನ್ನು ಗುದದ್ವಾರದ ಹತ್ತಿರದವರೆಗೂ ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಕೆಳಗೆಳೆದು, ಮಲ ಹಿಡಿದಿಡುವ ಸ್ನಾಯುವಿಗೆ ಪೆಟ್ಟಾಗದಂತೆ ಹೊಲಿದರು. ಅಲೆಕ್ಸಾಂಡರ್ ಬಿಲ್ ಜೊತೆ 1948ರಲ್ಲಿ ಅದನ್ನು ಪ್ರಕಟಿಸಿದರು. ಸ್ವೆನ್ಸನ್ 103 ವರ್ಷ ಬದುಕಿ 2012ರಲ್ಲಿ ತೀರಿಕೊಂಡರು. ತಾವು ಬದುಕಿಸಿದ ಕೂಸುಗಳು ಅಜ್ಜ ಅಜ್ಜಿಯರಾಗುವಷ್ಟು ಕಾಲ!

ಆ ನರಕೋಶಗಳನ್ನು ನಾನು ಹುಬ್ಬಳ್ಳಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಪ್ಯಾಥಾಲಜಿಯ ಡಾಕ್ಟರೊಬ್ಬರು ಗಾಜಿನ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿ, "ಹಿಂಗ ಬರ್ರಿ, ಇಲ್ಲಿ ನೋಡ್ರಿ, ಎರಡು ಸ್ನಾಯುಪದರದ ನಡುಕ" ಎಂದರು. ಗುಲಾಬಿ ಬಣ್ಣದ ಸ್ನಾಯುವಿನ ಎಳೆಗಳು, ಮೇಲಿನವು ಒಂದು ದಿಕ್ಕಿಗೆ, ಕೆಳಗಿನವು ಅಡ್ಡಕ್ಕೆ. ನಡುವಿನ ಸಂದಿನಲ್ಲಿ ನಾಲ್ಕೈದು ದೊಡ್ಡ ಕೋಶಗಳ ಗುಂಪು. ಒಂದೊಂದರಲ್ಲೂ ದುಂಡನೆಯ ಬೀಜಕಣ, ಅದರ ನಡುವೆ ಒಂದು ಗಾಢ ಚುಕ್ಕೆ. "ಇವ ನೋಡ್ರಿ ಗ್ಯಾಂಗ್ಲಿಯಾನ್ ಕೋಶ. ಇವು ಇದ್ರ ಕರುಳು ಸಡಿಲ ಆಗಿ ಮುಂದ ದಾರಿ ಬಿಡತೈತಿ. ಈಗ ಇದನ್ನ ನೋಡ್ರಿ." ಎರಡನೆಯ ಸ್ಲೈಡು. ಅದೇ ಗುಲಾಬಿ, ಅದೇ ಎರಡು ಪದರ, ಅದೇ ಸಂದು. ದಪ್ಪನೆಯ ನರದ ಎಳೆಗಳು ಹಾದುಹೋಗಿವೆ. ಆದರೆ ಆ ದುಂಡು ಕೋಶಗಳು ಒಂದೂ ಇಲ್ಲ. ನಾನು ಸ್ಲೈಡಿನ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ಇಲ್ಲ! ಮೇಲ್ನೋಟಕ್ಕೆ ಎರಡೂ ಸ್ಲೈಡು ಒಂದೇ. ವ್ಯತ್ಯಾಸ ಇರುವುದು ಈ ಸಂದಿನಲ್ಲಿ ಮಾತ್ರ.

ಇನ್ನೊಂದು ಮಾತು ಅವರೇ ಹೇಳಿದರು. ಆಪರೇಷನ್ ನಡೆದಿರುವಾಗಲೇ ಸರ್ಜನ್ ಕರುಳಿನ ಪುಟ್ಟ ಚೂರು ಕಳಿಸುತ್ತಾರೆ. ಅದನ್ನು ಥಟ್ಟನೆ ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಬೇಕು. ಕೂಸು ಟೇಬಲ್ ಮೇಲೆ ಮಲಗಿರುತ್ತದೆ, ಅರಿವಳಿಕೆ ಕೊಟ್ಟವರು ಉಸಿರಾಟ ನೋಡಿಕೊಳ್ಳುತ್ತಿರುತ್ತಾರೆ, ಸರ್ಜನ್ ಕೈ ಕಟ್ಟಿ ನಿಂತಿರುತ್ತಾರೆ. ಈ ಕಡೆಯಿಂದ "ಕೋಶ ಅದಾವ" ಎಂಬ ಸುದ್ದಿ ಹೋದಲ್ಲಿಗೆ ಕತ್ತರಿ. ಡಲ್ಲಾ ವಾಲ್ಲೆ ಬರೆದಿಟ್ಟದ್ದು ಈಗ ಆಪರೇಷನ್ ಥಿಯೇಟರಿನ ನಿಮಿಷಗಳನ್ನು ಆಳುತ್ತಿದೆ!

ಆ ಕೋಶಗಳು ಇಲ್ಲದೆ ಹೋದದ್ದಾದರೂ ಏಕೆ, ಅದೂ ಯಾವಾಗಲೂ ಕೆಳತುದಿಯಲ್ಲೇ ಏಕೆ? ಉತ್ತರ ಕೇಳಿದರೆ ಕೂತಲ್ಲಿಂದ ಎದ್ದು ನಿಲ್ಲಬೇಕೆನಿಸುತ್ತದೆ. ಕರುಳಿನ ನರಕೋಶಗಳು ಕರುಳಿನಲ್ಲಿ ಹುಟ್ಟುವುದೇ ಇಲ್ಲ! ಭ್ರೂಣದ ಬೆನ್ನಿನಲ್ಲಿ, ಬೆನ್ನುಹುರಿ ಮೂಡುವ ಜಾಗದ ಪಕ್ಕದಲ್ಲಿ ಹುಟ್ಟಿ, ಅಲ್ಲಿಂದ ಹೊರಟು, ಅನ್ನನಾಳದ ಕಡೆಯಿಂದ ಕರುಳಿಗೆ ಇಳಿದು, ಬಾಯಿಂದ ಗುದದ ದಿಕ್ಕಿಗೆ ನಡೆದುಕೊಂಡು ಹೋಗುತ್ತವೆ, ದಾರಿಯುದ್ದಕ್ಕೂ ಸಂಖ್ಯೆ ಹೆಚ್ಚಿಸಿಕೊಳ್ಳುತ್ತ. ತಾಯಿಗೆ ಬಸಿರು ಖಾತ್ರಿಯಾಗುವ ಆ ಮೊದಲ ವಾರಗಳಲ್ಲೇ ಈ ನಡಿಗೆ ಸಾಗಿರುತ್ತದೆ. ನಡಿಗೆ ಮಧ್ಯದಲ್ಲಿ ನಿಂತರೆ ಖಾಲಿ ಉಳಿಯುವುದು ಕೊನೆಯ ತುಂಡೇ. ಇದನ್ನು ತೋರಿಸಿದವರಲ್ಲಿ ಫ್ರಾನ್ಸಿನ ನಿಕೋಲ್ ಲ ದುಆರಿನ್ ದೊಡ್ಡ ಹೆಸರು. 1970ರ ದಶಕದಲ್ಲಿ ಅವರು ಲಾವಕ್ಕಿಯ ಭ್ರೂಣದಿಂದ ಈ ಕೋಶಗಳನ್ನು ತೆಗೆದು ಕೋಳಿಯ ಭ್ರೂಣದ ಬೆನ್ನಿಗೆ ಕಸಿ ಮಾಡಿದರು. ಲಾವಕ್ಕಿಯ ಕೋಶದ ಬೀಜಕಣ ಬಣ್ಣ ಹಾಕಿದಾಗ ಬೇರೆಯೇ ಕಾಣುತ್ತದೆ. ಆದ್ದರಿಂದ ಅದು ಎಲ್ಲಿಗೆ ಹೋಗಿ ಸೇರಿತು ಎಂದು ಪತ್ತೆ ಹಚ್ಚಬಹುದು. ಕೋಳಿಯ ಕರುಳಿನಲ್ಲಿ ಲಾವಕ್ಕಿಯ ನರಕೋಶ ಸಿಕ್ಕಿತು! 1994ರಲ್ಲಿ ಈ ನಡಿಗೆಗೆ ಬೇಕಾದ ರೆಟ್ ಎಂಬ ವಂಶವಾಹಿಯ ದೋಷವೂ ಸಿಕ್ಕಿತು. 2016ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯ ವಿಜ್ಞಾನಿಗಳು ಮನುಷ್ಯನ ಕಾಂಡಕೋಶಗಳಿಂದ ಇಂಥ ನಡೆಯುವ ಕೋಶಗಳನ್ನೇ ಬೆಳೆಸಿ, ಈ ರೋಗವಿದ್ದ ಇಲಿಗಳ ಕರುಳಿಗೆ ಚುಚ್ಚಿದರು. ಕೋಶಗಳು ಅಲ್ಲಿಯೂ ನಡೆದವು, ಇಲಿಗಳು ಬದುಕಿದವು.

ಇಷ್ಟು ಓದಿದ ಮೇಲೆ ಹಿಂದಕ್ಕೆ ಹೋಗಲೇಬೇಕು, ಬಹಳ ಹಿಂದಕ್ಕೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ, 14ನೇ ಅಧ್ಯಾಯ. ಬದ್ಧಗುದೋದರ, ಅಂದರೆ ಕರುಳು ಕಟ್ಟಿ ಹೊಟ್ಟೆ ಉಬ್ಬಿದ ರೋಗಿ. ಹೊಕ್ಕುಳಿನ ಕೆಳಗೆ, ನಡುಗೆರೆಯನ್ನು ಬಿಟ್ಟು ಎಡಕ್ಕೆ ಸರಿದು ಕೊಯ್ಯಬೇಕು. ನಾಲ್ಕು ಅಂಗುಲದಷ್ಟು ಕರುಳನ್ನು ಹೊರಗೆಳೆದು ಪರೀಕ್ಷಿಸಬೇಕು. ತಡೆದು ನಿಂತ ಕಲ್ಲನ್ನೋ ಕೂದಲನ್ನೋ ಗಟ್ಟಿಯಾದ ಮಲವನ್ನೋ ತೆಗೆಯಬೇಕು. ಜೇನನ್ನೂ ತುಪ್ಪವನ್ನೂ ಸವರಿ ಕರುಳನ್ನು ತನ್ನ ಜಾಗದಲ್ಲೇ ಕೂರಿಸಿ ಹೊರಗಿನ ಗಾಯ ಹೊಲಿಯಬೇಕು. ಕರುಳು ತೂತಾಗಿದ್ದರೆ? ಎರಡು ಅಂಚನ್ನು ಕೂಡಿಸಿ ಹಿಡಿದು ಕಪ್ಪು ಗೊದ್ದಗಳಿಂದ ಕಚ್ಚಿಸಬೇಕು! ಕಚ್ಚಿ ಹಿಡಿದ ಕೂಡಲೇ ಮೈ ಕತ್ತರಿಸಿ ಬಿಸಾಡಿ, ತಲೆಗಳನ್ನು ಹೊಲಿಗೆಯಾಗಿ ಅಲ್ಲೇ ಬಿಟ್ಟು ಹೊಟ್ಟೆ ಮುಚ್ಚಬೇಕು. ಕರುಳಿನ ಒಳಗೆ ಬಿಟ್ಟ ಹೊಲಿಗೆಯನ್ನು ಆಮೇಲೆ ಬಿಚ್ಚಲು ಆಗುವುದಿಲ್ಲ, ಅದು ಅಲ್ಲೇ ಇದ್ದರೂ ಹಾನಿ ಮಾಡಬಾರದು ಎಂಬ ತಿಳಿವಳಿಕೆ ಆ ಗೊದ್ದದ ತಲೆಯಲ್ಲಿದೆ. ಇವತ್ತಿನ ಸರ್ಜನ್ ಕೂಸಿನ ಕರುಳಿಗೆ ಹಾಕುವುದು ತಾನಾಗಿ ಕರಗುವ ದಾರ. ಪ್ರಶ್ನೆ ಅದೇ, ಉತ್ತರ ಬೇರೆ. ಸುಶ್ರುತನ ರೋಗಿ ದೊಡ್ಡವನು ಎಂಬುದನ್ನೂ ಹೇಳಬೇಕು. ಹಸುಗೂಸಿನ ಹೊಟ್ಟೆಗೆ ಕತ್ತಿ ಇಳಿಸುವ ಧೈರ್ಯಕ್ಕೆ ಇನ್ನೂ ಎಷ್ಟೋ ಶತಮಾನ ಕಾಯಬೇಕಿತ್ತು. ಮಕ್ಕಳ ರೋಗಗಳಿಗೆಂದೇ ಕನ್ನಡದಲ್ಲಿ 'ಬಾಲಗ್ರಹ ಚಿಕಿತ್ಸೆ' ಎಂಬ ಗ್ರಂಥ ಬರೆದ ದೇವೇಂದ್ರಮುನಿಯ ಕಾಲದಲ್ಲೂ ಆ ಧೈರ್ಯ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಆ ಧೈರ್ಯ ಫಲ ಕೊಟ್ಟದ್ದು 1793ರಲ್ಲಿ, ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ. ಅದಕ್ಕೂ ಮೊದಲು 1710ರಲ್ಲಿ ಪ್ಯಾರಿಸ್ಸಿನ ಲಿತ್ರ್ ಎಂಬ ವೈದ್ಯರು ಆರು ದಿನ ಬದುಕಿ ಸತ್ತ ಕೂಸಿನ ದೇಹ ಕೊಯ್ದು ನೋಡಿ, ಮುಚ್ಚಿಹೋದ ಕರುಳನ್ನು ಹೊಟ್ಟೆಯ ಮೇಲೆ ತಂದು ಬಾಯಿ ಬಿಡಿಸಿದರೆ ಇಂಥ ಕೂಸು ಉಳಿಯಬಹುದಲ್ಲ ಎಂದಿದ್ದರು. ಬರೀ ಒಂದು ಊಹೆ! ಎಂಬತ್ತಮೂರು ವರ್ಷದ ನಂತರ ಗುದದ್ವಾರವೇ ಇಲ್ಲದೆ ಹುಟ್ಟಿದ ರೈತನ ಮಗುವೊಂದನ್ನು ದ್ಯುರೆ ಎಂಬ ಸರ್ಜನ್ ಮುಂದೆ ತಂದರು. ಅವರು ಮೊದಲು ಸತ್ತ ಕೂಸೊಂದರ ದೇಹದ ಮೇಲೆ ದಾರಿ ಹುಡುಕಿ ನೋಡಿಕೊಂಡು, ಆಮೇಲೆ ಜೀವಂತ ಕೂಸಿಗೆ ಕೈ ಹಚ್ಚಿದರು. ಅರಿವಳಿಕೆ ಇಲ್ಲ, ಕ್ರಿಮಿಗಳ ಜ್ಞಾನ ಇಲ್ಲ. ಆ ಕೂಸು ಬದುಕಿತು, ಬೆಳೆಯಿತು, 45 ವರ್ಷ ಬಾಳಿತು!

ಈಗ ಕತ್ತಿಯೇ ಬೇಡವಾದ ಕಟ್ಟಿನ ಕಥೆ. ಆರೇಳು ತಿಂಗಳ, ತುಂಬು ಕೆನ್ನೆಯ, ಏನೂ ತೊಂದರೆ ಇಲ್ಲದ ಕೂಸು. ಇದ್ದಕ್ಕಿದ್ದಂತೆ ಕಾಲು ಮಡಚಿ ಚೀರುತ್ತದೆ. ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಮತ್ತೆ ಚೀರುತ್ತದೆ. ಕೊನೆಗೆ ಲಂಗೋಟಿಯಲ್ಲಿ ರಕ್ತ ಬೆರೆತ ಲೋಳೆ. ಒಳಗೆ ಆಗಿರುವುದೇನೆಂದರೆ, ಅಂಗಿಯ ತೋಳು ಬಿಚ್ಚುವಾಗ ತನ್ನೊಳಗೆ ತಾನೇ ಸರಿದು ಸೇರುವಂತೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ಹೊಕ್ಕು ಸಿಕ್ಕಿಬಿದ್ದಿರುತ್ತದೆ. ಡಾಕ್ಟರುಗಳ ಬಾಯಲ್ಲಿ ಇಂಟಸಸೆಪ್ಷನ್. ಆಮ್‌ಸ್ಟರ್‌ಡ್ಯಾಮಿನ ಬಾರ್ಬೆಟ್ 1674ರಲ್ಲೇ ಇದನ್ನು ವರ್ಣಿಸಿ, ಹೊಟ್ಟೆ ತೆರೆದು ಬಿಡಿಸಬಾರದೇಕೆ ಎಂದು ಕೇಳಿದ್ದ. ಕೂಸಿನಲ್ಲಿ ಹಾಗೆ ಬಿಡಿಸಿ ಉಳಿಸಿದವರಲ್ಲಿ ಮೊದಲಿಗರು ಲಂಡನ್ನಿನ ಜೊನಾಥನ್ ಹಚಿನ್‌ಸನ್. 1871, ಎರಡು ವರ್ಷದ ಹುಡುಗಿ. ಇನ್ನು ಎಲ್ಲರೂ ಕತ್ತಿ ಹಿಡಿಯುತ್ತಾರೆ ಎನ್ನುವಷ್ಟರಲ್ಲಿ, 1876ರಲ್ಲಿ, ಬೇಡ ಬೇಡ, ಗುದದಿಂದ ನೀರು ಏರಿಸಿ ಆ ಒತ್ತಡದಲ್ಲೇ ಕರುಳನ್ನು ಹಿಂದಕ್ಕೆ ತಳ್ಳಬಹುದು ಎಂದು ಬರೆದವರು ಯಾರು ಗೊತ್ತೇ? ಅದೇ ಹಿರ್ಷ್‌ಸ್ಪ್ರುಂಗ್! ಹತ್ತಿರ ಹತ್ತಿರ ಎಲ್ಲ ಮಕ್ಕಳೂ ಸಾಯುತ್ತಿದ್ದ ಕಾಯಿಲೆಯಲ್ಲಿ, 1905ರಲ್ಲಿ ಅವರು 107 ಮಕ್ಕಳ ಲೆಕ್ಕ ಕೊಟ್ಟರು. ಸಾವು ಶೇ 35ಕ್ಕೆ ಇಳಿದಿತ್ತು. ಊತದ ವಿಷಯದಲ್ಲಿ ಕಣ್ಣು ತಪ್ಪಿದವರು ಇಲ್ಲಿ ಇಡೀ ಜಗತ್ತಿಗಿಂತ ಮುಂದೆ ನಡೆದಿದ್ದರು. ನೀರಿನ ಬದಲು ಗಾಳಿ ಬಳಸಿದ ಶಾಂಘೈನ ವೈದ್ಯರು 1986ರಲ್ಲಿ 6396 ಪ್ರಕರಣಗಳ ವರದಿ ಪ್ರಕಟಿಸಿದಾಗ ಎಲ್ಲ ದೇಶದವರೂ ಬೆರಗಾದರು. ಈಗ ಅಲ್ಟ್ರಾಸೌಂಡ್ ಪರದೆಯ ಮೇಲೆ, ಸಲೈನ್ ಏರುತ್ತಿದ್ದಂತೆ, ಒಂದರೊಳಗೊಂದು ಕೂತ ಕರುಳಿನ ಉಂಗುರ ಹಿಂದೆ ಹಿಂದೆ ಸರಿದು ಫಕ್ಕನೆ ಮಾಯವಾಗುವುದನ್ನು ನೋಡಬಹುದು. ಹೊಲಿಗೆ ಇಲ್ಲ, ಗಾಯ ಇಲ್ಲ. ಆದರೆ ತಡವಾದರೆ ಈ ದಾರಿ ಮುಚ್ಚುತ್ತದೆ; ಕರುಳು ಕೊಳೆತಿದ್ದರೆ ಕತ್ತಿಯೇ ಗತಿ.

ತಡ ಎಂಬ ಮಾತು ಬಂತಲ್ಲ, ಹಸಿರು ವಾಂತಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗರ್ಭದ ಆರನೇ ವಾರದ ಸುಮಾರಿಗೆ ಕರುಳು ಬೆಳೆಯುವ ರಭಸಕ್ಕೆ ಕೂಸಿನ ಹೊಟ್ಟೆಯಲ್ಲಿ ಜಾಗ ಸಾಲದೆ ಹೊಕ್ಕುಳಬಳ್ಳಿಯೊಳಗೆ ಹೊರಟುಹೋಗುತ್ತದೆ. ಹತ್ತನೇ ವಾರಕ್ಕೆ ವಾಪಸು ಬರುತ್ತದೆ, ಹೋಗಿ ಬರುವಷ್ಟರಲ್ಲಿ ಒಟ್ಟು 270 ಡಿಗ್ರಿ ತಿರುಗಿ, ಪ್ರತಿಯೊಂದು ಭಾಗವೂ ತನ್ನ ಮೂಲೆ ಹಿಡಿದು ಕೂರುತ್ತದೆ. ನಾವೆಲ್ಲ ಹಾಗೆ ತಿರುಗಿಯೇ ಬಂದವರು! ತಿರುಗುವುದು ತಪ್ಪಿದರೆ ಕರುಳು ಅಗಲವಾದ ಬುಡದ ಬದಲು ಇಕ್ಕಟ್ಟಿನ ಬುಡದ ಮೇಲೆ ತೂಗುತ್ತಿರುತ್ತದೆ, ಯಾವತ್ತೋ ಒಂದು ದಿನ ತಿರುಚಿಕೊಳ್ಳುತ್ತದೆ, ರಕ್ತ ನಿಲ್ಲುತ್ತದೆ. ಹೊರಗೆ ಕಾಣುವ ಮೊದಲ ಗುರುತು ಪಿತ್ತದ ಹಸಿರು. ಮಕ್ಕಳ ವಾರ್ಡಿನಲ್ಲಿ ಒಮ್ಮೆ ಅಜ್ಜಿಯೊಬ್ಬರು, "ಕೂಸು ಅಂದಮ್ಯಾಲ ಕಕ್ಕೂದ ಅಲ್ರೀ ಸಾಹೇಬ್ರ" ಎಂದರು. ಡಾಕ್ಟರು ಕೈ ಮುಗಿದೇ ಹೇಳಿದರು: "ಹಾಲ ಕಕ್ಕಿದ್ರ ಇರ್ಲಿ ಯವ್ವಾ. ಹಸರ ಕಕ್ಕಿದ್ರ ಮನ್ಯಾಗ ಒಂದು ತಾಸೂ ಇಟಗೋಬ್ಯಾಡ್ರಿ." ನಮ್ಮ ಹಳ್ಳಿಗಳಲ್ಲಿ ಹೊಟ್ಟೆ ಉಬ್ಬಿದ ಕೂಸಿಗೆ ಔಡಲ ಎಣ್ಣೆ ಕುಡಿಸುವುದು, ಕಾಯಿಸಿದ ಕಬ್ಬಿಣದಿಂದ ಹೊಟ್ಟೆಗೆ ಬರೆ ಹಾಕಿಸುವುದು ಇನ್ನೂ ನಿಂತಿಲ್ಲ. ಆ ಸುಟ್ಟ ಗೆರೆಗಳನ್ನು ಹೊತ್ತ ಪುಟ್ಟ ಹೊಟ್ಟೆ ನೋಡಿದರೆ ನನಗೆ ಸಿಟ್ಟಿಗಿಂತ ಮೊದಲು ಅಳು ಬರುತ್ತದೆ. 2008ರಿಂದ 108 ಗಾಡಿ ಇದೆ. ಆ ಕೆಲವು ತಾಸುಗಳೇ ಕೂಸಿನ ಕರುಳು.

ತಿರುಚಿದ ಕರುಳಿಗೆ ದಾರಿ ತೋರಿಸಿದವರು ಬೋಸ್ಟನ್ನಿನ ವಿಲಿಯಂ ಲ್ಯಾಡ್. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದಾಗ ಅಲ್ಲಿಗೆ ಧಾವಿಸಿದ ವೈದ್ಯರಲ್ಲಿ ಅವರೂ ಒಬ್ಬರು. ಬರಬರುತ್ತ ಬದುಕನ್ನೇ ಮಕ್ಕಳ ಶಸ್ತ್ರಚಿಕಿತ್ಸೆಗೆ ಕೊಟ್ಟರು. 1936ರಲ್ಲಿ ಅವರು ಬರೆದ ಆಪರೇಷನ್ ಇಂದಿಗೂ ಹೆಚ್ಚು ಕಡಿಮೆ ಹಾಗೇ ನಡೆಯುತ್ತದೆ. ಸುರುಳಿಯನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಬಿಚ್ಚಬೇಕು, ಅಡ್ಡ ಬಂದ ಪೊರೆಗಳನ್ನು ಬಿಡಿಸಬೇಕು, ಬುಡ ಅಗಲ ಮಾಡಬೇಕು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ ಕಾದರೆ, ಕಪ್ಪಿಟ್ಟ ಕರುಳು ಅದೃಷ್ಟವಿದ್ದಲ್ಲಿ ಕಂದಾಗಿ, ಕೆಂಪಾಗಿ, ಗುಲಾಬಿಯಾಗಿ ಬಣ್ಣ ತಿರುಗುತ್ತದೆ. ಆಮೇಲೆ ಲ್ಯಾಡ್ ಮಾಡಿದ್ದು ನೋಡಿ! ಕರುಳನ್ನು ನಮ್ಮ ನಿಮ್ಮ ಹೊಟ್ಟೆಯಲ್ಲಿ ಇರುವಂತೆ ಕೂರಿಸಲೇ ಇಲ್ಲ. ಸಣ್ಣ ಕರುಳನ್ನೆಲ್ಲ ಬಲಕ್ಕೆ, ದೊಡ್ಡ ಕರುಳನ್ನೆಲ್ಲ ಎಡಕ್ಕೆ ಬಿಟ್ಟರು. ಪುಸ್ತಕದ ಚಿತ್ರದಂತೆ ಕಾಣುವುದು ಮುಖ್ಯವಲ್ಲ, ಮತ್ತೆ ತಿರುಚದಂತೆ ಇರುವುದು ಮುಖ್ಯ. ಅಪೆಂಡಿಕ್ಸ್ ಎಡಗಡೆ ಹೋಗುವುದರಿಂದ ಮುಂದೊಂದು ದಿನ ಅದು ಬಾತರೆ ಡಾಕ್ಟರು ಗೊಂದಲಕ್ಕೆ ಬೀಳುತ್ತಾರೆಂದು ಅದನ್ನೂ ತೆಗೆಯುವುದು ವಾಡಿಕೆಯಾಯಿತು. ಕೂಸು ದೊಡ್ಡದಾದ ಮೇಲಿನ ಹೊಟ್ಟೆನೋವಿನ ಬಗ್ಗೆಯೂ ಅಂದೇ ಯೋಚನೆ!

ಇನ್ನು ಕೆಲವು ಮಕ್ಕಳಲ್ಲಿ ಕರುಳು ನಡುವೆ ತುಂಡಾಗಿಯೇ ಹುಟ್ಟುತ್ತದೆ. ಒಂದು ತುದಿ ಕುರುಡಾಗಿ ಮುಗಿದು, ಸ್ವಲ್ಪ ಅಂತರದಲ್ಲಿ ಇನ್ನೊಂದು ತುದಿ ಶುರುವಾಗುತ್ತದೆ. ಏಕೆ ಹೀಗೆ? ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಲೌ ಎಂಬ ಪ್ರಾಧ್ಯಾಪಕರೂ ಅವರ ತರುಣ ಜೊತೆಗಾರನೂ ಗಬ್ಬದ ನಾಯಿಯ ಗರ್ಭಕೋಶ ತೆರೆದು, ಒಳಗಿನ ಮರಿಯ ಕರುಳಿಗೆ ಹೋಗುವ ರಕ್ತನಾಳವನ್ನು ಕಟ್ಟಿ, ಮತ್ತೆ ಮುಚ್ಚಿ ಕಾದರು. ಹುಟ್ಟಿದ ಮರಿಗೆ ಕರುಳು ತುಂಡಾಗಿತ್ತು, ಮನುಷ್ಯರ ಕೂಸಿನಲ್ಲಿ ಕಾಣುವಂತೆಯೇ! ಗರ್ಭದಲ್ಲಿ ರಕ್ತ ತಪ್ಪಿದ ಭಾಗ ಕರಗಿಹೋಗಿ ತುಂಡಾಗುತ್ತದೆ ಎಂದು 1955ರಲ್ಲಿ ಸಾರಿದರು. ಇದರಿಂದ ಆಪರೇಷನ್ನೇ ಬದಲಾಯಿತು. ರಕ್ತ ಕಡಿಮೆಯಾದ ಆ ಮೇಲಿನ ಊದಿದ ತುದಿ ಕೆಲಸಕ್ಕೆ ಬಾರದು, ಅದನ್ನು ತೆಗೆದು ಜೋಡಿಸಿ ಎಂದರು. ಗಮನಿಸಿ: ಸ್ವೆನ್ಸನ್ನರ ಕೂಸಿನಲ್ಲಿ ಊದಿದ್ದು ನಿರ್ದೋಷಿ, ಇಲ್ಲಿ ಊದಿದ್ದೇ ದೋಷಿ. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಹೊಂದಲಿಲ್ಲ, ಪ್ರತಿಯೊಂದು ಕಟ್ಟನ್ನೂ ಹೊಸದಾಗಿಯೇ ಹುಡುಕಿ ತಿಳಿಯಬೇಕಾಯಿತು. ಅಂದಹಾಗೆ ಆ ತರುಣ ಜೊತೆಗಾರನ ಹೆಸರು ಕ್ರಿಶ್ಚಿಯನ್ ಬರ್ನಾರ್ಡ್. 1967ರ ಡಿಸೆಂಬರ್ 3ರಂದು ಮನುಷ್ಯನಿಗೆ ಮನುಷ್ಯನ ಹೃದಯ ಕಸಿ ಮಾಡಿದ ಅದೇ ಬರ್ನಾರ್ಡ್!

ಸರ್ಜನ್ನರ ಕೈಚಳಕ ಒಂದರಿಂದಲೇ ಕೂಸು ಉಳಿಯುವುದಿಲ್ಲ. ಕೂಸಿನ ಕೈಗೆ ಹಚ್ಚಿದ ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್, ಬಾಟಲಿ ನೋಡಿ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯುವಂತೆ ಇಡುತ್ತಿದ್ದರು. ಬಟ್ಟಿ ಇಳಿಸಿದ ನೀರಿಗೆ ಬದಲು ಸಹಾಯಕ ನಲ್ಲಿ ನೀರು ಹಾಕಿದ್ದ; ಆ ನೀರಿನಲ್ಲಿದ್ದ ಸುಣ್ಣದ ಅಂಶದಿಂದಲೇ ಹೃದಯ ಬಡಿಯುತ್ತಿದೆ ಎಂದು ರಿಂಗರ್ ಕಂಡುಕೊಂಡರು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಹಸಿರು ಕಕ್ಕಿ ಬಾಡಿದ ಕೂಸಿಗೆ ಚಾಕು ಮುಟ್ಟಿಸುವ ಮೊದಲು ಇಳಿಯುವುದು ಈ ನೀರು.

ನಮ್ಮ ಸೀಮೆಗೆ ಇದೆಲ್ಲ ಹೇಗೆ ಬಂತು? ಮುಂಬಯಿ ಕರ್ನಾಟಕದ ಹಿರಿಯರಿಗೆ ಆಪರೇಷನ್ ಎಂದರೆ ಮಿರಜ. ಕೆನಡಾ ಮೂಲದ ಮಿಷನರಿ ಡಾಕ್ಟರು ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಿದ್ದರು. ರೈಲಿನಲ್ಲಿ ಹೋದರೆ ಉಳಿಯಬಹುದು ಎಂಬ ನಂಬಿಕೆ ಮನೆಮನೆಯಲ್ಲಿತ್ತು. ಆದರೆ ಹುಟ್ಟಿದ ಕೂಸನ್ನು ಅಷ್ಟು ದೂರ ಒಯ್ಯುವುದು ಹೇಗೆ? ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾಯಿತು. 1996ರಲ್ಲಿ ಅದೇ ಕಿಮ್ಸ್ ಆಯಿತು. ಧಾರವಾಡದ ದಾರಿಯ ಸತ್ತೂರಿನಲ್ಲಿ 2003ರಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಬಂತು. ಭಾರತದ ಮಕ್ಕಳ ಸರ್ಜನ್‌ಗಳು ಸಂಘ ಕಟ್ಟಿಕೊಂಡದ್ದೇ 1965ರಲ್ಲಿ. ಮಕ್ಕಳ ಶಸ್ತ್ರಚಿಕಿತ್ಸೆ ಬೇರೆಯೇ ವಿದ್ಯೆ ಎಂದು ಒಪ್ಪಿಸಲು ಆ ತಲೆಮಾರು ಎಷ್ಟು ಬೆವರು ಹರಿಸಿರಬೇಕು!

ಬಹಳ ಕಾಲ ಹಿರ್ಷ್‌ಸ್ಪ್ರುಂಗ್ ಕಾಯಿಲೆಯ ಮಗುವಿಗೆ ಮೂರು ಸಲ ಆಪರೇಷನ್ ಆಗುತ್ತಿತ್ತು. ಮೊದಲು ಹೊಟ್ಟೆಯ ಮೇಲೆ ದಾರಿ, ಆಮೇಲೆ ಕರುಳು ಕೆಳಗೆಳೆಯುವುದು, ಕೊನೆಗೆ ದಾರಿ ಮುಚ್ಚುವುದು. ನಡುವಿನ ತಿಂಗಳುಗಳಲ್ಲಿ ತಾಯಂದಿರು ಹಳೆಯ ಧೋತರ ಹರಿದು ಮಡಿಕೆ ಮಾಡಿ ಹೊಟ್ಟೆಗೆ ಕಟ್ಟುತ್ತಿದ್ದರು, ಬಿಚ್ಚುತ್ತಿದ್ದರು, ಒಗೆಯುತ್ತಿದ್ದರು. ಆ ಬಟ್ಟೆಗಳನ್ನು ಒಗೆದ ಕೈಗಳಿಗೂ ಈ ಇತಿಹಾಸದಲ್ಲಿ ಜಾಗ ಬೇಕು. 1998ರಲ್ಲಿ ಮೆಕ್ಸಿಕೋದ ಲೂಯಿಸ್ ದೆ ಲಾ ತೋರೆ ಮತ್ತು ಒರ್ತೇಗಾ, ಹೊಟ್ಟೆಯನ್ನು ಮುಟ್ಟದೆ ಗುದದ್ವಾರದ ಮೂಲಕವೇ ಕೆಟ್ಟ ಕರುಳನ್ನು ಹೊರಗೆಳೆದು ತೆಗೆಯುವ ದಾರಿ ತೋರಿದರು. ಅದೇ ಮೆಕ್ಸಿಕೋದಲ್ಲಿ 1980ರಲ್ಲಿ ಆಲ್ಬರ್ಟೊ ಪೆನ್ಯಾ, ಗುದದ್ವಾರ ಇಲ್ಲದೆ ಹುಟ್ಟಿದ ಮಕ್ಕಳಲ್ಲಿ ಹಿಂಬದಿಯ ನಟ್ಟನಡುಗೆರೆಯಲ್ಲಿ ಕೊಯ್ದು, ಸಣ್ಣ ವಿದ್ಯುತ್ ಸ್ಪರ್ಶದಿಂದ ಎರಡೂ ಬದಿಯ ಸ್ನಾಯು ಕುಣಿಯುವುದನ್ನು ಕಂಡು, ಹೊಸ ದ್ವಾರಕ್ಕೆ ಸರಿಯಾದ ಜಾಗ ಹುಡುಕಿದ್ದರು.

ಕರುಳಿನ ಕಟ್ಟಿಗೂ ಲಸಿಕೆಗೂ ಎಲ್ಲಿಯ ನಂಟು ಎನ್ನುತ್ತೀರಾ? ರೋಟಾವೈರಸ್ ಭೇದಿಗೆಂದು ಅಮೆರಿಕದಲ್ಲಿ 1998ರಲ್ಲಿ ಬಂದ ಮೊದಲ ಲಸಿಕೆಯನ್ನು ಮರುವರ್ಷವೇ ಹಿಂತೆಗೆದರು; ಕೆಲವು ಕೂಸುಗಳಲ್ಲಿ ಕರುಳು ಕರುಳೊಳಗೆ ಹೊಕ್ಕಿತ್ತು. ಮುಂದಿನ ಲಸಿಕೆಗಳನ್ನು ತಲಾ 60,000ಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಿದ್ದು ಈ ಒಂದೇ ಭಯದಿಂದ. ಭಾರತ ತನ್ನದೇ ಲಸಿಕೆ ಹುಡುಕುವಾಗ ದಿಲ್ಲಿಯ ನವಜಾತ ಶಿಶುಗಳಲ್ಲಿ ಸಿಕ್ಕ ಒಂದು ತಳಿಯ ಜೊತೆಗೆ ಬೆಂಗಳೂರಿನ ಶಿಶುಗಳಲ್ಲಿ ಸಿಕ್ಕ ಇನ್ನೊಂದೂ ಕಣದಲ್ಲಿತ್ತು; ಕೊನೆಗೆ ದಿಲ್ಲಿಯದು ಲಸಿಕೆಯಾಯಿತು. ಈಗ ಕರ್ನಾಟಕದ ಪ್ರತಿ ಕೂಸಿಗೂ ರೋಟಾವೈರಸ್ ಹನಿ ಸಿಗುತ್ತದೆ.

ಕೊನೆಯದಾಗಿ, ನಮ್ಮ ಮಣ್ಣಿನದೇ ಕಟ್ಟು: ಜಂತುಹುಳ. ಹೆಣ್ಣು ಜಂತು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡಬಲ್ಲದು! ಮೊಟ್ಟೆ ಮಣ್ಣಿನಿಂದ ಕೈಗೆ, ಕೈಯಿಂದ ಬಾಯಿಗೆ. ಮರಿಗಳು ಕರುಳು ಕೊರೆದು, ಪುಪ್ಪುಸ ಸುತ್ತಿ, ಮತ್ತೆ ನುಂಗಿಸಿಕೊಂಡು ಕರುಳಿಗೇ ಬಂದು ಬೆಳೆಯುತ್ತವೆ. ಹತ್ತಾರು ಹುಳ ಹೆಣೆದುಕೊಂಡರೆ ಸಣ್ಣ ಕರುಳು ಪೂರ್ತಿ ಬಂದ್. ಆಗ ಸರ್ಜನ್ ಕರುಳನ್ನು ಕೊಯ್ಯದೆ, ಎರಡು ಬೆರಳಿನ ನಡುವೆ ಹಿಡಿದು ಆ ಗಂಟನ್ನು ನಿಧಾನಕ್ಕೆ ದೊಡ್ಡ ಕರುಳಿನತ್ತ ಜಾರಿಸುತ್ತಾರೆ. ಅದಾಗದಿದ್ದರೆ ಮಾತ್ರ ಕರುಳು ತೆರೆದು ಒಂದೊಂದಾಗಿ ಹೊರಗೆಳೆಯುತ್ತಾರೆ. 2015ರಿಂದ ಪ್ರತಿ ಫೆಬ್ರುವರಿ 10 ಜಂತುಹುಳ ನಿವಾರಣಾ ದಿನ. ಅಂದು ಕುಂದಗೋಳದಲ್ಲೂ ಕಲಘಟಗಿಯಲ್ಲೂ ನವಲಗುಂದದಲ್ಲೂ ಸಾಲಾಗಿ ಕೂತ ಹುಡುಗರ ಅಂಗೈಗೆ 400 ಮಿಲಿಗ್ರಾಮಿನ ಅಲ್ಬೆಂಡಜೋಲ್ ಗುಳಿಗೆ ಬೀಳುತ್ತದೆ, ಮತ್ತು ಸಾಲಿನ ಆ ತುದಿಯಿಂದ ಅಕ್ಕೋರ ದನಿ ಕೇಳುತ್ತದೆ: "ಹಂಗ ನುಂಗಬ್ಯಾಡ್ರಿ, ಅಗದ ತಿನ್ರಿ! ಎಲ್ಲಾರೂ ನನ್ನ ಮುಂದ ಅಗೀರಿ!"